ಮಣಿಯೊಳಗಿನ ಆಸಿಡ್

ಕೇಳುಗರೆಲ್ಲರಿಗೂ ನಮಸ್ಕಾರ. ಇವತ್ತು ನಾನು ಮಾತಾಡೋಕೆ ಬಂದಿರೋದು ಒಂದು ಸಣ್ಣ ಮಣಿ ಬಗ್ಗೆ. ಅಂಗೈ ಮೇಲೆ ಹಾಕ್ಕೊಂಡ್ರೆ ಸಣ್ಣ ಸಾಸಿವೆ ಥರ ಉರುಳತ್ತೆ, ಬಣ್ಣ ಕಂದು ಇಲ್ಲಾ ಬೂದು. ಇದೇ ಜಾತಿಯ ಮಣಿ ನಿಮ್ಮಲ್ಲಿ ಕೆಲವರ ಮನೆ ಟೆರೇಸ್ ಮೇಲೆ ಆಗ್ಲೇ ಇರಬಹುದು, ಬೋರ್‌ವೆಲ್ ನೀರು ಗಡಸು ಅಂತ ಸಾಫ್ಟ್‌ನರ್ ಹಾಕಿಸ್ತಾರಲ್ಲ, ಆ ಉದ್ದನೆ ಸಿಲಿಂಡರ್ ಒಳಗೆ ತುಂಬಿರೋದು ಇದೇನೆ, ಆದ್ರೆ ಅಲ್ಲಿ ಅದು ಸೋಡಿಯಂ ಹಿಡ್ಕೊಂಡು ಕೂತಿರತ್ತೆ, ನಾನು ಹೇಳ್ತಿರೋದು ಸೋಡಿಯಂ ಜಾಗದಲ್ಲಿ ಆಸಿಡ್ ಇಟ್ಕೊಂಡಿರೋ ಮಣಿ. ಇದಕ್ಕೆ ಆಸಿಡ್ ರೂಪದ ಅಯಾನ್ ಎಕ್ಸ್‌ಚೇಂಜ್ ರೆಸಿನ್ ಅಂತಾರೆ. ಅಯಾನ್ ಅಂದ್ರೆ ವಿದ್ಯುತ್ ಆವೇಶ ಇರೋ ಕಣ, ಒಂದನ್ನ ಬಿಟ್ಟು ಇನ್ನೊಂದನ್ನ ಹಿಡ್ಕೊಳ್ಳೋದು ಈ ಮಣಿ ಕೆಲಸ.

ನಾನು ಕೆಮಿಸ್ಟ್ರಿ ಪಾಠ ಮಾಡೋನು. ನಮ್ಮ ಕಡೆ ಡಿಗ್ರಿ ಲ್ಯಾಬ್‌ಗಳಲ್ಲಿ ಎಸ್ಟರ್ ಮಾಡೋ ಪ್ರಯೋಗ ಇದೆ ಅಂದ್ರೆ ಮೊದಲು ಕೈ ಹೋಗೋದು ಗಾಢ ಸಲ್ಫ್ಯೂರಿಕ್ ಆಸಿಡ್ ಬಾಟ್ಲಿಗೆ. ಎಸ್ಟರ್ ಅಂದ್ರೆ ಹಣ್ಣಿನ ವಾಸನೆ ಕೊಡೋ ರಾಸಾಯನಿಕಗಳ ಒಂದು ಗುಂಪು, ಆಲ್ಕೋಹಾಲ್‌ಗೂ ಅಸಿಟಿಕ್ ಆಸಿಡ್‌ನಂಥದ್ದಕ್ಕೂ ಸೇರಿಸಿ ಬಿಸಿ ಮಾಡಿದ್ರೆ ಹುಟ್ಟತ್ತೆ, ಆದ್ರೆ ಸುಮ್ನೆ ಬಿಟ್ರೆ ತುಂಬಾ ನಿಧಾನ, ಬೇಗ ಆಗಬೇಕಂದ್ರೆ ಬಲವಾದ ಆಸಿಡ್ ವೇಗವರ್ಧಕವಾಗಿ, ಅಂದ್ರೆ ಕ್ಯಾಟಲಿಸ್ಟ್ ಆಗಿ ಬೇಕು. ಸಲ್ಫ್ಯೂರಿಕ್ ಆಸಿಡ್ ಆ ಕೆಲಸ ಮಾಡತ್ತೆ ನಿಜ. ಆದ್ರೆ ಕೆಲಸ ಮುಗಿದ ಮೇಲೂ ಅದು ಅಲ್ಲೇ ಕರಗಿಕೊಂಡು ಇರತ್ತೆ, ಅದನ್ನ ತೆಗೀಬೇಕು ಅಂದ್ರೆ ಅಡುಗೆ ಸೋಡಾ ಹಾಕಿ ನೊರೆ ಬರಿಸಿ ಕೊಲ್ಲಬೇಕು, ಆಮೇಲೆ ಆ ಉಪ್ಪಿನ ನೀರು ಸಿಂಕಿಂದ ಮೋರಿಗೆ, ಮೋರಿಯಿಂದ ಮುಂದಕ್ಕೆ. ತುಂಗೆ ಭದ್ರೆಯರ ದಡದಲ್ಲಿ ಇರೋ ನಾವು ಈ ಮೋರಿ ಎಲ್ಲಿಗೆ ಸೇರತ್ತೆ ಅನ್ನೋದನ್ನ ಯೋಚ್ನೆ ಮಾಡಲೇಬೇಕು. ರೆಸಿನ್ ಬಳಸಿದ್ರೆ ಆಸಿಡ್ ಮಣಿ ಒಳಗೇ ಉಳಿಯತ್ತೆ, ಸೋಸಿದ್ರೆ ಮುಗೀತು. ನಮ್ಮ ಕಾಲೇಜುಗಳು ಈ ಕಡೆ ಬರಬೇಕು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ.

ಮಣಿ ಒಳಗೆ ಏನಿದೆ ಅಂದ್ರೆ, ಪಾಲಿಸ್ಟೈರೀನ್. ಟಿವಿ ಪ್ಯಾಕಿಂಗ್‌ಗೆ ಬರೋ ಥರ್ಮಕೋಲ್ ಇದೆಯಲ್ಲ, ಅದೇ ಪ್ಲಾಸ್ಟಿಕ್. ಅದರ ಉದ್ದುದ್ದ ಸರಪಳಿಗಳನ್ನ ಡೈವಿನೈಲ್‌ಬೆಂಜೀನ್ ಅನ್ನೋ ಇನ್ನೊಂದು ಅಣು ಅಲ್ಲಲ್ಲಿ ಕಟ್ಟಿ ಹಾಕಿರತ್ತೆ, ಹಾಗಾಗಿ ಯಾವ ದ್ರಾವಕದಲ್ಲೂ ಕರಗಲ್ಲ, ಊದಿಕೊಳ್ಳತ್ತೆ ಅಷ್ಟೆ. ಆ ಸರಪಳಿಯ ಬೆಂಜೀನ್ ಉಂಗುರಗಳಿಗೆ ಸಲ್ಫೋನಿಕ್ ಆಸಿಡ್ ಗುಂಪು ಅಂಟಿಸಿರ್ತಾರೆ. 1935ರಲ್ಲಿ ಇಂಗ್ಲೆಂಡಿನ ಆಡಮ್ಸ್ ಮತ್ತೆ ಹೋಮ್ಸ್ ಮೊದಲು ಬೇರೆ ಥರದ ರೆಸಿನ್ ಮಾಡಿದ್ರು, ಈ ಪಾಲಿಸ್ಟೈರೀನ್ ರೆಸಿನ್‌ಗೆ ಅಮೆರಿಕದ ಡಿ'ಅಲೆಲಿಯೊಗೆ ಪೇಟೆಂಟ್ ಸಿಕ್ಕಿದ್ದು 1944ರಲ್ಲಿ. ನೀರು ಶುದ್ಧ ಮಾಡೋಕೆ ಅಂತ ಬಂದ ವಸ್ತು ಇದು, ಕ್ಯಾಟಲಿಸ್ಟ್ ಆಗಿ ದೊಡ್ಡ ಹೆಸರು ಮಾಡಿದ್ದು ಆಮೇಲೆ.

ಆಸಿಡ್ ಮಣಿ ಒಳಗೇ ಇರತ್ತೆ ಅನ್ನೋದನ್ನ ಕಣ್ಣಾರೆ ನೋಡಬಹುದು. ಚೆನ್ನಾಗಿ ತೊಳೆದ ಒಂದು ಚಮಚ ರೆಸಿನ್‌ನ ಡಿಸ್ಟಿಲ್ಡ್ ವಾಟರ್‌ನಲ್ಲಿ ಹಾಕಿ, ಮಣಿ ತಳ ಸೇರೋವರೆಗೂ ಬಿಡಿ, ಮೇಲಿನ ತಿಳಿನೀರಿಗೆ ನೀಲಿ ಲಿಟ್ಮಸ್ ಪೇಪರ್ ಅದ್ದಿ, ಆಸಿಡ್ ತಾಗಿದ್ರೆ ಕೆಂಪಾಗೋ ಪೇಪರ್ ಅದು. ಮಣಿಗೆ ತಾಗಿಸಬೇಡಿ ಮತ್ತೆ. ಪೇಪರ್ ನೀಲಿಯಾಗೇ ಇರತ್ತೆ, ಅಷ್ಟು ಆಸಿಡ್ ಪಕ್ಕದಲ್ಲೇ ಕೂತಿದ್ರೂನೂ. ಈಗ ಅಡುಗೆಮನೆ ಉಪ್ಪು ಒಂದು ಚಿಟಿಕೆ ಹಾಕಿ ಅಲ್ಲಾಡಿಸಿ, ಇನ್ನೊಂದು ಪೇಪರ್ ಅದ್ದಿ, ಕೆಂಪು! ಉಪ್ಪಿನ ಸೋಡಿಯಂ ಮಣಿ ಒಳಗೆ ಹೋಯ್ತು, ಒಳಗಿದ್ದ ಹೈಡ್ರೋಜನ್ ಅಯಾನ್ ಹೊರಗೆ ಬಂತು. ಹುಡುಗರಿಗೆ ಇದನ್ನ ತೋರಿಸಿದ್ರೆ ಮುಂದಿನ ಅರ್ಧ ಪಾಠ ಹೇಳೋದೇ ಬೇಡ. ಈ ಮಣಿಗೆ ನಲ್ಲಿ ನೀರು ಯಾಕೆ ಆಗಲ್ಲ ಅಂತಾನೂ ಅವರಿಗೇ ಗೊತ್ತಾಗತ್ತೆ, ಯಾಕಂದ್ರೆ ನೀರಲ್ಲಿರೋ ಕ್ಯಾಲ್ಸಿಯಂ, ಮೆಗ್ನೀಷಿಯಂ, ಪೈಪಿನ ತುಕ್ಕಿಂದ ಬರೋ ಕಬ್ಬಿಣ ಎಲ್ಲಾ ಹೋಗಿ ಆಸಿಡ್ ಜಾಗ ಹಿಡ್ಕೊಂಡು ಬಿಡತ್ವೆ.

ಬಾಳೆಹಣ್ಣಿನ ವಾಸನೆಯ ಐಸೊಅಮೈಲ್ ಅಸಿಟೇಟ್ ಮಾಡೋದನ್ನೇ ತಗೊಳ್ಳಿ. ಐಸೊಅಮೈಲ್ ಆಲ್ಕೋಹಾಲ್, ಅದಕ್ಕಿಂತ ಜಾಸ್ತಿ ಗ್ಲೇಷಿಯಲ್ ಅಸಿಟಿಕ್ ಆಸಿಡ್, ಜೊತೆಗೆ ಒಣಗಿಸಿದ ರೆಸಿನ್, ಮೇಲೆ ಕಂಡೆನ್ಸರ್ ಸಿಗಿಸಿ ಕುದಿಯೋ ನೀರಿನ ಪಾತ್ರೇಲಿ ಇಟ್ರೆ ಸಾಕು. ನೇರ ಬೆಂಕಿ ಮೇಲೆ ಇಡೋ ಹಾಗಿಲ್ಲ, ಈ ರೆಸಿನ್‌ಗಳು ತಡೆಯೋದು ಹೆಚ್ಚು ಕಡಿಮೆ 120 ಡಿಗ್ರಿ ಸೆಲ್ಸಿಯಸ್‌ವರೆಗೆ, ಅದರ ಮೇಲೆ ಹೋದ್ರೆ ಸಲ್ಫೋನಿಕ್ ಗುಂಪು ಕಳಚಿಕೊಳ್ಳೋಕೆ ಶುರು. ಮ್ಯಾಗ್ನೆಟಿಕ್ ಸ್ಟಿರರ್ ಕೂಡ ಬೇಡ, ಆ ಕಡ್ಡಿ ತಳದಲ್ಲಿ ಮಣಿಗಳನ್ನ ಅರೆದು ಪುಡಿ ಮಾಡತ್ತೆ, ಆಗಾಗ ಕೈಯಿಂದ ಅಲ್ಲಾಡಿಸಿ. ಆಮೇಲೆ ಹತ್ತಿ ತುರುಕಿದ ಫನೆಲ್‌ನಲ್ಲಿ ಸೋಸಿದ್ರೆ ಮಣಿ ಈ ಕಡೆ, ಎಸ್ಟರ್ ಆ ಕಡೆ. ಮಿಕ್ಕ ಅಸಿಟಿಕ್ ಆಸಿಡ್ ತೊಳೆಯೋಕೆ ಸೋಡಾ ಆಗಲೂ ಬೇಕು, ಅದನ್ನ ಮುಚ್ಚಿಡಲ್ಲ. ಆದ್ರೆ ಲೆಕ್ಕ ಹಾಕಿ ನೋಡಿ, ಆಂಬರ್‌ಲಿಸ್ಟ್ 15 ಅನ್ನೋ ರೆಸಿನ್‌ನ ಒಂದು ಗ್ರಾಂನಲ್ಲಿ ಸುಮಾರು 4.7 ಮಿಲಿ ಈಕ್ವಿವಲೆಂಟ್ ಆಸಿಡ್ ಇರತ್ತೆ, ಅಂದ್ರೆ 10 ಗ್ರಾಂ ಮಣಿ ಸುಮಾರು 2.3 ಗ್ರಾಂ ಸಲ್ಫ್ಯೂರಿಕ್ ಆಸಿಡ್‌ಗೆ ಸಮ, ಅಷ್ಟು ಆಸಿಡ್ ಕೊಲ್ಲೋಕೆ ಒಂದೊಂದು ಸಲಕ್ಕೂ 4 ಗ್ರಾಂ ಅಡುಗೆ ಸೋಡಾ ಬೇಕಿತ್ತು. ಅದು ಪೂರ್ತಿ ಉಳೀತು, ಮಣಿ ನಾಳೆಗೂ ಬಂತು. ಕೈ ಸುಡೋ ಭಯ ಎಷ್ಟೋ ಕಮ್ಮಿ, ಅದೇ ನನಗೆ ಎಲ್ಲಕ್ಕಿಂತ ದೊಡ್ಡ ಲಾಭ.

ಒಂದು ಮಾತು ಮಾತ್ರ ನೆನಪಿರಲಿ, ಕ್ಯಾಟಲಿಸ್ಟ್ ಯಾವುದೇ ಇರಲಿ ಸಮತೋಲನ, ಅಂದ್ರೆ ಕ್ರಿಯೆ ಎಷ್ಟು ದೂರ ಹೋಗಿ ನಿಲ್ಲತ್ತೆ ಅನ್ನೋದು, ಬದಲಾಗಲ್ಲ. ಎಥನಾಲ್, ಅಸಿಟಿಕ್ ಆಸಿಡ್ ಸಮ ಮೋಲ್, ಅಂದ್ರೆ ಅಣುಗಳ ಲೆಕ್ಕದಲ್ಲಿ ಸಮ ಹಾಕಿದ್ರೆ ಮೂರರಲ್ಲಿ ಎರಡು ಪಾಲು ಎಸ್ಟರ್ ಆಗಿ ನಿಂತು ಹೋಗತ್ತೆ, ರೆಸಿನ್ ಹಾಕಿದ್ರೂ ಅಷ್ಟೇ. ಮುಂದೆ ತಳ್ಳಬೇಕಂದ್ರೆ ಒಂದನ್ನ ಜಾಸ್ತಿ ಹಾಕಿ ಇಲ್ಲಾ ಹುಟ್ಟೋ ನೀರನ್ನ ತೆಗೀರಿ. ನೀರು ಮಣಿಯ ಆಸಿಡ್ ಜಾಗಗಳನ್ನ ಸುತ್ತುವರಿದು ಅದರ ಜೋರನ್ನೂ ತಗ್ಗಿಸತ್ತೆ. ಮಳೆಗಾಲದಲ್ಲಿ ಡಬ್ಬಿ ಒಳಗೇ ಉಪ್ಪು ನೀರಾಗೋ ಊರು ನಮ್ಮದು, ತೀರ್ಥಹಳ್ಳಿ, ಹೊಸನಗರ ಕಡೆ ಜುಲೈನಲ್ಲಿ ಲ್ಯಾಬ್ ಮಾಡೋರು ರೆಸಿನ್‌ನ ಓವನ್‌ನಲ್ಲಿ 100 ಡಿಗ್ರಿ ಒಳಗೆ ಒಣಗಿಸಿ ಬಿಗಿ ಮುಚ್ಚಳದ ಬಾಟ್ಲೀಲಿ ಇಡಲೇಬೇಕು, ತೆರೆದಿಟ್ರೆ ತೇವ ಎಳ್ಕೊಳ್ಳತ್ತೆ.

ದೊಡ್ಡ ಕಾರ್ಖಾನೆಗಳಲ್ಲಿ ಇದು ಹೊಸದೇನಲ್ಲ. ಫೀನಾಲ್, ಅಸಿಟೋನ್ ಸೇರಿಸಿ ಪ್ಲಾಸ್ಟಿಕ್ ತಯಾರಿಗೆ ಬೇಕಾದ ಬಿಸ್ಫೀನಾಲ್ ಎ ಮಾಡೋದು, ಮೆಥನಾಲ್‌ಗೆ ಐಸೊಬ್ಯುಟಿಲೀನ್ ಸೇರಿಸಿ ಪೆಟ್ರೋಲ್‌ಗೆ ಹಾಕೋ ಎಂಟಿಬಿಇ ಮಾಡೋದು, ಎರಡಕ್ಕೂ ಇದೇ ರೆಸಿನ್.

ನಮಗೆ ಹತ್ತಿರದ್ದು ಅಂದ್ರೆ ಹೊಂಗೆ ಎಣ್ಣೆ. ಬೀಜ ತೇವ ಹಿಡಿದು ಕೂತ್ರೆ ಎಣ್ಣೇಲಿ ಬಿಡಿ ಕೊಬ್ಬಿನಾಮ್ಲ ಜಾಸ್ತಿ ಆಗತ್ತೆ, ಅದು ಶೇಕಡ 1-2ರ ಮೇಲೆ ಹೋದ್ರೆ ಕಾಸ್ಟಿಕ್ ಸೋಡಾ ಹಾಕಿ ಬಯೋಡೀಸೆಲ್ ಮಾಡೋಕೆ ಹೋದಾಗ ಸೋಪ್ ಆಗಿ ಗ್ಲಿಸರಿನ್ ಬೇರೆ ಆಗೋದೇ ಕಷ್ಟ. ಮೊದಲು ಮೆಥನಾಲ್ ಜೊತೆ ರೆಸಿನ್ ಮೇಲೆ ಹಾಯಿಸಿ ಆ ಕೊಬ್ಬಿನಾಮ್ಲನ ಎಸ್ಟರ್ ಮಾಡ್ಕೊಂಡು, ಆಮೇಲೆ ಕಾಸ್ಟಿಕ್ ಹಂತಕ್ಕೆ ಹೋದ್ರೆ ಕೆಲಸ ಸಲೀಸು. ಎಣ್ಣೆಯ ಅಂಟು ಮೊದಲೇ ತೆಗೆದಿರಬೇಕು, ಇಲ್ಲಾಂದ್ರೆ ಮಣಿಯ ಸಣ್ಣ ರಂಧ್ರಗಳು ಮುಚ್ಚಿ ಹೋಗತ್ವೆ. ಮತ್ತೆ ಇಲ್ಲಿ ಸಾಫ್ಟ್‌ನರ್‌ನ ಜೆಲ್ ಮಣಿ ಆಗಲ್ಲ, ಅದು ನೀರು, ಆಲ್ಕೋಹಾಲ್‌ನಲ್ಲಿ ಊದಿದ್ರೆ ಮಾತ್ರ ಒಳಗಿನ ದಾರಿ ತೆರೆಯೋದು, ಎಣ್ಣೇಲಿ ಊದೋದು ಕಮ್ಮಿ. ಒಣಗಿದ್ರೂ ರಂಧ್ರ ತೆರೆದೇ ಇರೋ ಮ್ಯಾಕ್ರೊಪೋರಸ್ ಜಾತಿಯದ್ದೇ ಬೇಕು.

ನಮ್ಮ ಭದ್ರಾವತಿಯ ಕಬ್ಬಿಣದ ಕಾರ್ಖಾನೆ 1923ರಲ್ಲಿ ಶುರುವಾದಾಗ ಅದರ ಹೆಸರಲ್ಲೇ ವುಡ್ ಡಿಸ್ಟಿಲೇಷನ್ ಅಂತ ಇತ್ತು, ಕಾಡಿನ ಕಟ್ಟಿಗೆ ಇದ್ದಿಲಾಗುವಾಗ ಬರೋ ಹೊಗೆಯಿಂದ ಮೆಥನಾಲ್, ಅಸಿಟೇಟ್ ತೆಗೀತಿದ್ರು. ಎಸ್ಟರ್‌ಗೆ ಬೇಕಾದ ಎರಡೂ ಸಾಮಾನು ನಮ್ಮ ಶಿವಮೊಗ್ಗ ಜಿಲ್ಲೇಲೇ ತಯಾರಾಗ್ತಿದ್ದ ಕಾಲ ಅದು, ಹುಡುಗರಿಗೆ ಹೇಳಿದ್ರೆ ಕಣ್ಣರಳಿಸ್ತಾರೆ.

ಇನ್ನು ಮಣಿ ಸತ್ತಿದೆಯಾ ಬದುಕಿದೆಯಾ ಅಂತ ನೋಡೋದು ಹೀಗೆ. ಒಂದು ಗ್ರಾಂ ಒಣ ರೆಸಿನ್‌ನ ಧಾರಾಳ ಉಪ್ಪುನೀರಲ್ಲಿ ಹಾಕಿ ಬಿಟ್ಟು, 0.1 ನಾರ್ಮಲ್ ಸಾಂದ್ರತೆಯ ಕಾಸ್ಟಿಕ್ ಸೋಡಾದಿಂದ ಟೈಟ್ರೇಟ್ ಮಾಡಿ, ಅಂದ್ರೆ ಹೊರಬಂದ ಆಸಿಡ್ ಪೂರ್ತಿ ಸಾಯೋಕೆ ಎಷ್ಟು ಎಂಎಲ್ ಬೇಕು ಅಂತ ಅಳೀರಿ. ಹೊಸ ಆಂಬರ್‌ಲಿಸ್ಟ್ 15 ಆದ್ರೆ ಸುಮಾರು 47 ಎಂಎಲ್ ಕುಡಿಯತ್ತೆ. ಅರ್ಧಕ್ಕೆ ಇಳಿದಿದ್ರೆ ಶೇಕಡ 5ರಿಂದ 10ರ ಹೈಡ್ರೋಕ್ಲೋರಿಕ್ ಆಸಿಡ್‌ನಲ್ಲಿ ನಿಧಾನಕ್ಕೆ ತೊಳೆದು, ಲಿಟ್ಮಸ್ ಕೆಂಪಾಗೋದು ನಿಲ್ಲೋವರೆಗೂ ಡಿಸ್ಟಿಲ್ಡ್ ವಾಟರ್ ಹಾಯಿಸಿ ಒಣಗಿಸಿ ಮತ್ತೆ ಅಳೀರಿ. ಆಗಲೂ ಏರಲಿಲ್ಲ ಅಂದ್ರೆ ಹೆಚ್ಚಾಗಿ ಬಿಸಿಗೆ ಸಲ್ಫೋನಿಕ್ ಗುಂಪು ಹೋಗಿರತ್ತೆ ಅಥವಾ ರಂಧ್ರ ಕಟ್ಟಿರತ್ತೆ, ಆ ರೆಸಿನ್ ಬದಲಾಯಿಸಿ. ಹಳೇದನ್ನ ಸಿಂಕಿಗೆ ಸುರೀಬೇಡಿ, ಅದು ಕರಗದ ಪ್ಲಾಸ್ಟಿಕ್ಕು, ಡಬ್ಬೀಲಿ ತುಂಬಿಟ್ಟು ಲ್ಯಾಬಿನ ಘನ ತ್ಯಾಜ್ಯದ ಜೊತೆಗೇ ಕಳಿಸಿ. ನಮಸ್ಕಾರ.