ಟ್ರಂಕಿನಲ್ಲಿರುವ ಡಿಸ್ಚಾರ್ಜ್ ಬುಕ್ಕು

ಕೇಳುಗರಿಗೆ ನಮಸ್ಕಾರ.

ಸೇನೆಯ ಮದ್ರಾಸ್ ಎಂಜಿನಿಯರ್ ಗ್ರೂಪ್ ಅಂದರೆ ಎಂಇಜಿ, ಆರ್ಮಿ ಸರ್ವೀಸ್ ಕೋರ್ ಅಂದರೆ ಎಎಸ್‌ಸಿ, ಪ್ಯಾರಾಚೂಟ್ ರೆಜಿಮೆಂಟು, ಮಿಲಿಟರಿ ಪೊಲೀಸ್, ಇವೆಲ್ಲದರ ಕೇಂದ್ರಗಳು ಬೆಂಗಳೂರಿನಲ್ಲಿವೆ. ಸೇವೆ ಮುಗಿಸಿದ ಎಷ್ಟೋ ಮಂದಿ ಇಲ್ಲೇ ಸೈಟು ಕೊಂಡು, ಮನೆ ಕಟ್ಟಿ, ಮಕ್ಕಳ ಮದುವೆ ಮಾಡಿ, ಮೊಮ್ಮಕ್ಕಳನ್ನು ಆಡಿಸಿದವರು. ಅಂಥ ಹಿರಿಯರೊಬ್ಬರು ತೀರಿಕೊಂಡಾಗ ಅವರನ್ನು ಸರಿಯಾಗಿ ನೆನೆಯಬೇಕು, ಅವರ ಹೆಂಡತಿಯ ಕೈ ಬರಿದಾಗದಂತೆಯೂ ನೋಡಿಕೊಳ್ಳಬೇಕು. ಎರಡಕ್ಕೂ ಮೊದಲು ತೆರೆಯಬೇಕಾದದ್ದು ಅವರ ಟ್ರಂಕು, ಅದರೊಳಗಿನ ಡಿಸ್ಚಾರ್ಜ್ ಬುಕ್ಕು, ಅಂದರೆ ಸೇವೆ ಮುಗಿದಾಗ ಸೇನೆ ಕೊಟ್ಟ ದಾಖಲೆ ಪುಸ್ತಕ.

ಅಂತ್ಯಕ್ರಿಯೆಯ ದಿನ ಎದುರಾಗುವ ಒಂದು ವಿಷಯ ಮೊದಲು. ಪ್ರೀತಿಯಿಂದಲೇ ಕೆಲವರು ಅಂಗಡಿಯಿಂದ ರಾಷ್ಟ್ರಧ್ವಜ ತಂದು ಪಾರ್ಥಿವ ಶರೀರಕ್ಕೆ ಹೊದಿಸುತ್ತಾರೆ. ಸರ್ಕಾರಿ, ಸೇನಾ ಅಥವಾ ಅರೆಸೇನಾ ಗೌರವದ ಅಂತ್ಯಕ್ರಿಯೆಗೆ ಬಿಟ್ಟರೆ ಇದಕ್ಕೆ ಕಾನೂನಿನ ಅನುಮತಿಯಿಲ್ಲ. ಹೊದಿಸಬೇಕೆಂದಿದ್ದರೆ ಸೇನೆಯ ಸ್ಟೇಷನ್ ಹೆಡ್‌ಕ್ವಾರ್ಟರ್ಸ್ ಅಥವಾ ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಯನ್ನು ಮೊದಲೇ ಕೇಳಿ. ಧ್ವಜ ಹೊದಿಸುವಾಗ ಕೇಸರಿ ಪಟ್ಟಿ ತಲೆಯ ಕಡೆಗಿರಬೇಕು. ಚಿತೆಗೆ ಬೆಂಕಿ ಇಡುವ ಮುಂಚೆ, ಮಣ್ಣು ಮಾಡುವುದಾದರೆ ಗುಂಡಿಗೆ ಇಳಿಸುವ ಮುಂಚೆ, ಅದನ್ನು ತೆಗೆದು ಮಡಿಸಿಡಬೇಕು.

ಮರಣವನ್ನು 21 ದಿನದೊಳಗೆ ನೋಂದಾಯಿಸಬೇಕು. ಆಸ್ಪತ್ರೆಯಲ್ಲಿ ತೀರಿಕೊಂಡಿದ್ದರೆ ಮಾಹಿತಿಯನ್ನು ಆಸ್ಪತ್ರೆಯೇ ಕಳಿಸುತ್ತದೆ. ಮನೆಯಲ್ಲಾದರೆ, ನೋಡುತ್ತಿದ್ದ ವೈದ್ಯರಿಂದ ಸಾವಿನ ಕಾರಣದ ಪತ್ರ ಬರೆಸಿಕೊಳ್ಳಿ, ಚಿತಾಗಾರದಲ್ಲಿ ಕೊಟ್ಟ ರಸೀದಿಯನ್ನು ಜೋಪಾನ ಮಾಡಿ. ವರ್ಷ ಕಳೆದರೆ ಮ್ಯಾಜಿಸ್ಟ್ರೇಟರ ಆದೇಶವೇ ಬೇಕಾಗುತ್ತದೆ. ಅರ್ಜಿಯಲ್ಲಿ ಹೆಸರನ್ನು ಬಾಯಿಂದ ಹೇಳಿ ಬರೆಸಬೇಡಿ, ಡಿಸ್ಚಾರ್ಜ್ ಬುಕ್ಕು ನೋಡಿ ಬರೆಯಿರಿ. ಇನಿಷಿಯಲ್ಲು ಹಿಂದೆ ಮುಂದಾದರೂ ಮುಂದೆ ಪಿಂಚಣಿಯ ಫೈಲು ನಿಂತುಬಿಡುತ್ತದೆ.

ಇನ್ನು ಪಿಂಚಣಿ. ಹೆಚ್ಚಿನ ಮನೆಗಳಲ್ಲಿ ತಪ್ಪಾಗುವುದು ಇಲ್ಲೇ. ಸೈನಿಕರ ಪಿಂಚಣಿ ತೀರಿಕೊಂಡ ದಿನದವರೆಗೆ ಮಾತ್ರ, ಮರುದಿನದಿಂದ ಹೆಂಡತಿಗೆ ಕುಟುಂಬ ಪಿಂಚಣಿ. ಆದರೆ ತಿಳಿಸುವವರೆಗೂ ಹಳೆಯ ಹಣವೇ ಖಾತೆಗೆ ಬೀಳುತ್ತಿರುತ್ತದೆ. 'ಹೇಗೂ ಅಮ್ಮನಿಗೆ ಸೇರಬೇಕಾದದ್ದೇ' ಎಂದು ಎಟಿಎಂನಿಂದ ತೆಗೆಯುತ್ತಾ ಹೋದರೆ, ಆಮೇಲೆ ಅಷ್ಟನ್ನೂ ಅಮ್ಮನ ಪಿಂಚಣಿಯಿಂದಲೇ ಹಿಡಿಯುತ್ತಾರೆ. ಕುಟುಂಬ ಪಿಂಚಣಿಯ ಸಾಮಾನ್ಯ ದರ ಕೊನೆಯ ಸಂಬಳದ ಶೇಕಡಾ 30. ಯಜಮಾನರು 67 ತುಂಬುವ ಮೊದಲೇ ಹೋಗಿದ್ದರೆ ಶೇಕಡಾ 50ರ ದರ ಸಿಗುತ್ತದೆ, ಏಳು ವರ್ಷ ಅಥವಾ ಅವರಿಗೆ 67 ತುಂಬಬೇಕಿದ್ದ ದಿನ, ಯಾವುದು ಮೊದಲೋ ಅಲ್ಲಿಯವರೆಗೆ. ಆದ್ದರಿಂದ ಸೈನಿಕರ ಪಿಂಚಣಿಯ ಆನ್‌ಲೈನ್ ವ್ಯವಸ್ಥೆಯಾದ ಸ್ಪರ್ಶ್ ಪೋರ್ಟಲಿನಲ್ಲೋ ಅದರ ಸೇವಾ ಕೇಂದ್ರದಲ್ಲೋ ಮರಣದ ಸುದ್ದಿಯನ್ನು ಬೇಗ ತಿಳಿಸಿ. ಮರಣ ಪ್ರಮಾಣಪತ್ರ, ಪಿಪಿಒ ಅಂದರೆ ಪಿಂಚಣಿ ಮಂಜೂರಾತಿಯ ಆದೇಶಪತ್ರ, ಅಮ್ಮನ ಆಧಾರ್, ಪ್ಯಾನ್, ಪಾಸ್‌ಬುಕ್ ಜೊತೆಗಿರಲಿ. ಜಂಟಿ ಖಾತೆಯನ್ನು ಅವಸರದಲ್ಲಿ ಮುಚ್ಚಿಸಬೇಡಿ.

ಪಿಪಿಒದಲ್ಲಿ 'ಲಕ್ಷ್ಮಿ', ಆಧಾರಿನಲ್ಲಿ 'ಲಕ್ಷ್ಮಮ್ಮ' ಎಂದಿದ್ದರೆ ತಿದ್ದುಪಡಿ ಆಗುವುದು ಯಜಮಾನರ ರೆಕಾರ್ಡ್ ಆಫೀಸಿನ, ಅಂದರೆ ಅವರ ಸೇವಾ ದಾಖಲೆ ಇಡುವ ಕಚೇರಿಯ, ಮೂಲಕ. ಎಂಇಜಿಯದ್ದು ಬೆಂಗಳೂರಿನಲ್ಲೇ ಇದೆ, ಮದ್ರಾಸ್ ರೆಜಿಮೆಂಟಿನದ್ದು ವೆಲ್ಲಿಂಗ್ಟನ್‌ನಲ್ಲಿ, ವಾಯುಪಡೆಯದ್ದು ದೆಹಲಿಯಲ್ಲಿ, ನೌಕಾಪಡೆಯ ನಾವಿಕರದ್ದು ಮುಂಬೈನಲ್ಲಿ. ದಾರಿ ತಿಳಿಯದಿದ್ದರೆ ಫೀಲ್ಡ್ ಮಾರ್ಷಲ್ ಕಾರ್ಯಪ್ಪ ರಸ್ತೆಯಲ್ಲಿರುವ ಸೈನಿಕ ಕಲ್ಯಾಣ ಇಲಾಖೆಗೆ ಹೋಗಿ ಕೇಳಿ. ಮನೆಯಲ್ಲಿ ಅಂಗವಿಕಲ ಮಗನೋ ಮಗಳೋ ಇದ್ದರೆ, ತಾಯಿ ಇರುವಾಗಲೇ ಆ ಹೆಸರನ್ನು ದಾಖಲೆಗೆ ಸೇರಿಸಿಬಿಡಿ. ಇಸಿಎಚ್‌ಎಸ್ ಎಂಬ ಮಾಜಿ ಸೈನಿಕರ ಆರೋಗ್ಯ ಯೋಜನೆಯ ಕಾರ್ಡು, ಕ್ಯಾಂಟೀನ್ ಕಾರ್ಡು ಎರಡನ್ನೂ ಒಪ್ಪಿಸಿ ಅಮ್ಮನ ಹೆಸರಿಗೆ ಹೊಸದು ಮಾಡಿಸಬೇಕು.

ಹನ್ನೊಂದನೇ ದಿನದ ಕಾರ್ಡಿಗೂ ಪತ್ರಿಕೆಯ ಶ್ರದ್ಧಾಂಜಲಿಗೂ ಬರೆಯುವಾಗ 'ದೇಶಸೇವೆ ಮಾಡಿದ ಮಹನೀಯರು' ಎಂದಷ್ಟೇ ಬರೆದರೆ ಅದು ಯಾರಿಗಾದರೂ ಒಪ್ಪುವ ಮಾತು. ಅವರದೇ ಮಾತು ಟ್ರಂಕಿನಲ್ಲಿದೆ. ಒಂದು ಪದಕ ಕೈಗೆತ್ತಿಕೊಂಡು ಅದರ ಅಂಚನ್ನು ಬೆಳಕಿಗೆ ಹಿಡಿದು ನಿಧಾನವಾಗಿ ತಿರುಗಿಸಿ: ಅವರ ನಂಬರು, ಹುದ್ದೆ, ಹೆಸರು ಅಲ್ಲಿ ಸಣ್ಣ ಅಕ್ಷರದಲ್ಲಿ ಒತ್ತಿರುತ್ತವೆ. ಹುಣಸೆಹಣ್ಣೋ ಬ್ರಾಸೋ ಹಾಕಿ ಉಜ್ಜಿದರೆ ಮೊದಲು ಸವೆಯುವುದು ಆ ಅಕ್ಷರಗಳೇ. ಒಣ ಮೆತ್ತನೆ ಬಟ್ಟೆಯಿಂದ ಒರೆಸಿದರೆ ಸಾಕು. 1971ರ ಯುದ್ಧದಲ್ಲಿದ್ದರು ಎಂದು ಬರೆಯುವ ಮುನ್ನ ನೋಡಿ: ಪೂರ್ವಿ ಸ್ಟಾರ್ ಇದ್ದರೆ ಬಾಂಗ್ಲಾದೇಶದ ಕಡೆ, ಪಶ್ಚಿಮಿ ಸ್ಟಾರ್ ಇದ್ದರೆ ಪಶ್ಚಿಮ ಪಾಕಿಸ್ತಾನದ ಗಡಿಯ ಕಡೆ. ಸಂಗ್ರಾಮ್ ಮೆಡಲ್ ಒಂದೇ ಇದ್ದರೆ ಯಾವ ರಣರಂಗವೆಂದು ಊಹಿಸಬೇಡಿ. ಸೈನ್ಯ ಸೇವಾ ಮೆಡಲ್‌ನ ರಿಬ್ಬನ್ನಿನ ಮೇಲಿನ ಲೋಹದ ಪಟ್ಟಿ ಓದಿದರೆ, ಅವರು ಸೇವೆ ಮಾಡಿದ್ದು ಹಿಮಾಲಯದಲ್ಲೋ ಜಮ್ಮು ಕಾಶ್ಮೀರದಲ್ಲೋ ಎಂಬುದು ಗೊತ್ತಾಗುತ್ತದೆ. ಇದರ ಜೊತೆಗೆ ಅವರು ಯಾರಿಗೆ ಗಣಿತ ಹೇಳಿಕೊಟ್ಟರು, ಬೀದಿಯಲ್ಲಿ ಯಾವ ಮರ ನೆಟ್ಟರು ಎಂಬುದನ್ನೂ ಬರೆಯಿರಿ. ಸಮವಸ್ತ್ರ ಕಳಚಿದ ಮೇಲಿನ ಬದುಕೇ ಬಹಳ ಮಂದಿಗೆ ಹೆಚ್ಚು ಉದ್ದದ್ದು.

ವೈಕುಂಠ ಸಮಾರಾಧನೆಗೆ ಅವರ ಹಳೆಯ ಸಂಗಾತಿಗಳು ಬಂದಾಗ ಗ್ರೂಪ್ ಫೋಟೋಗಳನ್ನು ಅವರ ಮುಂದಿಡಿ. ಸಾಲಿನಲ್ಲಿ ನಿಂತವರ ಹೆಸರು, ಊರು, ವರ್ಷ ಕೇಳಿ, ಫೋಟೋದ ಹಿಂಬದಿಯಲ್ಲಿ ಮೆತ್ತನೆ ಪೆನ್ಸಿಲಿನಿಂದ ಹಗುರಾಗಿ ಬರೆದಿಡಿ. ಪೆನ್ನು ಬೇಡ, ಶಾಯಿ ಮುಂಬದಿಗೆ ಇಳಿಯುತ್ತದೆ. ಡಿಸ್ಚಾರ್ಜ್ ಬುಕ್ಕಿನ ಎಲ್ಲ ಪುಟಗಳನ್ನೂ, ಖಾಲಿ ಕಂಡವನ್ನೂ ಸೇರಿಸಿ, ಸ್ಕ್ಯಾನ್ ಮಾಡಿಸಿ. ಮೂಲಪ್ರತಿಯನ್ನು ಯಾವ ಕಚೇರಿಯಲ್ಲೂ ಬಿಟ್ಟು ಬರಬೇಡಿ.

ನಮಸ್ಕಾರ.