ಬ್ಯಾಟರಿ ಸೇರಿಸುವ ಮುನ್ನ: ತುಂಬಿಸುವವರು ಯಾರು?

ಎಲ್ಲರಿಗೂ ನಮಸ್ಕಾರ. ಮಳೆ ಹಿಡಿಯುವ ಮೊದಲೇ ಈ ಸಭೆ ಕರೆದದ್ದು ಒಳ್ಳೆಯದಾಯಿತು. ಜೂನ್ ಕಳೆದರೆ ಘಟ್ಟದ ಮೇಲೆ ಲೈನಿಗೆ ಮರ ಬೀಳುವುದು, ಎರಡು ಮೂರು ದಿನ ಕರೆಂಟಿಲ್ಲದೆ ಕೂರುವುದು ನಿಮಗೆ ಹೇಳಿಕೊಡಬೇಕಾದ ಸಂಗತಿಯಲ್ಲ. ಅದಕ್ಕೇ ಮೇ ತಿಂಗಳಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತು: "ಸೋಲಾರಿಗೆ ಇನ್ನೆರಡು ಬ್ಯಾಟರಿ ಹಾಕಿಸಿಬಿಡೋಣ." ಹಾಕಿಸಬೇಡಿ ಎನ್ನುವುದಕ್ಕೆ ಇಲ್ಲಿ ನಿಂತಿಲ್ಲ. ಆದರೆ ಹೀಗೆ ಸೇರಿಸಿದ ಬ್ಯಾಟರಿಗಳು ಎರಡನೇ ಮಳೆಗಾಲ ಕಾಣುವುದರೊಳಗೆ ಕೈಕೊಟ್ಟರೆ, ತಪ್ಪು ಹೆಚ್ಚಾಗಿ ಬ್ಯಾಟರಿಯದಲ್ಲ, ಲೆಕ್ಕ ಹಾಕದೆ ಸೇರಿಸಿದ್ದರದು. ಕೆರೆಯ ಏರಿ ಎತ್ತರಿಸಿದ ಮಾತ್ರಕ್ಕೆ ಮಳೆ ಹೆಚ್ಚು ಸುರಿಯುವುದಿಲ್ಲ. ಬ್ಯಾಟರಿ ಕೊಳ್ಳುವ ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ತುಂಬಿಸುವವರು ಯಾರು?

ನಮ್ಮ ಕಡೆಯ ಒಂದು ಮನೆ ತೆಗೆದುಕೊಳ್ಳಿ. ಮಾಡಿನ ಮೇಲೆ 335 ವ್ಯಾಟಿನ 3 ಪ್ಯಾನೆಲ್, ಅಂದರೆ ಹೆಚ್ಚುಕಡಿಮೆ 1 ಕಿಲೋವ್ಯಾಟ್. ಒಳಗೆ 24 ವೋಲ್ಟಿನ ಇನ್ವರ್ಟರ್, 12 ವೋಲ್ಟ್ 150 ಆಂಪಿಯರ್-ಅವರ್ ಟ್ಯೂಬುಲರ್ ಬ್ಯಾಟರಿ (ನೀರು ಹಾಕುವ ಲೆಡ್-ಆಸಿಡ್ ಬ್ಯಾಟರಿ) ಎರಡು, ಸೀರೀಸಿನಲ್ಲಿ, ಅಂದರೆ ಒಂದರ ಪ್ಲಸ್ಸಿಗೆ ಇನ್ನೊಂದರ ಮೈನಸ್ ಜೋಡಿಸಿ. ಅಂಗಡಿಯ ಲೆಕ್ಕದಲ್ಲಿ ಇದು 3.6 ಯೂನಿಟ್. ಟ್ಯೂಬುಲರ್ ಬಹುಕಾಲ ಬಾಳಬೇಕಾದರೆ ಅರ್ಧಕ್ಕಿಂತ ಕೆಳಗಿಳಿಸಬಾರದು. ಹಾಗಾಗಿ ಕೈಗೆ ಸಿಗುವುದು 1.8.

ಖರ್ಚು ನೋಡಿ. 9 ವ್ಯಾಟಿನ 6 ಬಲ್ಬು 5 ಗಂಟೆ ಉರಿದರೆ 0.27 ಯೂನಿಟ್. ಫ್ರಿಜ್ 1. ಹಳೆಯ 70 ವ್ಯಾಟಿನ ಫ್ಯಾನ್ ಎರಡು, 6 ಗಂಟೆಗೆ 0.84. ಮಳೆಗಾಲದಲ್ಲಿ ಫ್ಯಾನ್ ಯಾಕೆ ಎನ್ನಬೇಡಿ, ಬಟ್ಟೆ ಒಣಗಬೇಕಲ್ಲ! ಇಂಟರ್ನೆಟ್ಟಿನ ರೌಟರ್ ದಿನವಿಡೀ ಇದ್ದರೆ 0.24, ಟಿವಿ 3 ಗಂಟೆ 0.18. ಕೂಡಿದರೆ ಎರಡೂವರೆ. ಇದಕ್ಕೆ ಎಲ್ಲರೂ ಮರೆಯುವ ಒಂದು ಬಾಬ್ತು ಸೇರಿಸಿ, ಇನ್ವರ್ಟರಿನ ಸ್ವಂತ ಖರ್ಚು. ಲೋಡ್ ಇಲ್ಲದೆಯೂ 20 ವ್ಯಾಟ್ ತಿಂದರೆ ದಿನಕ್ಕೆ ಅರ್ಧ ಯೂನಿಟ್ ಅಲ್ಲೇ ಹೋಯಿತು. ಒಟ್ಟು 3.

ಒಳ್ಳೆಯ ಬಿಸಿಲಿನಲ್ಲಿ ಕಿಲೋವ್ಯಾಟಿಗೆ ದಿನಕ್ಕೆ ಸುಮಾರು 4 ಯೂನಿಟ್ ಬರುತ್ತದೆ. ಬ್ಯಾಟರಿ, ಇನ್ವರ್ಟರ್ ನಷ್ಟಕ್ಕೆ ಕಾಲುಭಾಗ ಕಳೆದರೆ 3. ಸರಿಹೋಯಿತು. ಈಗ ಜುಲೈ ತಿಂಗಳು, ವಾರವಿಡೀ ಮೋಡ. ಉತ್ಪಾದನೆ ಕಾಲುಭಾಗಕ್ಕೆ ಇಳಿಯಿತು ಎಂದಿಟ್ಟುಕೊಳ್ಳಿ. ನಷ್ಟ ಕಳೆದು ಸಿಗುವುದು ಮುಕ್ಕಾಲು ಯೂನಿಟ್, ದಿನದ ಕೊರತೆ ಎರಡೂಕಾಲು. ಎರಡು ಬ್ಯಾಟರಿ ಒಂದು ದಿನವೂ ಪೂರ್ತಿ ಬರುವುದಿಲ್ಲ. ಇನ್ನೆರಡು ಸೇರಿಸಿದಿರಿ, 3.6 ಸಿಕ್ಕಿತು. ಅದೂ ಎರಡನೇ ದಿನ ಮುಗಿಯುವುದರೊಳಗೆ ಖಾಲಿ. ಅಷ್ಟು ದುಡ್ಡು ಕೊಟ್ಟು ಗಳಿಸಿದ್ದು ಒಂದು ದಿನಕ್ಕಿಂತ ಕಡಿಮೆ.

ಅದೇ ಮನೆಯಲ್ಲಿ ಬ್ಯಾಟರಿ ಮುಟ್ಟದೆ ಎರಡು ಕೆಲಸ ಮಾಡಿ. ಫ್ಯಾನ್‌ಗಳನ್ನು ಬದಲಿಸಿ 28 ವ್ಯಾಟಿನ ಬಿಎಲ್‌ಡಿಸಿ ಫ್ಯಾನ್ (ಕಡಿಮೆ ಕರೆಂಟು ತಿನ್ನುವ ಮೋಟರಿನದು) ಹಾಕಿ, ಅರ್ಧ ಯೂನಿಟ್ ಉಳಿಯಿತು. ಕರೆಂಟು ಹೋದ ದಿನಗಳಲ್ಲಿ ಫ್ರಿಜ್ ಬಂದ್ ಮಾಡಿ, 1 ಯೂನಿಟ್ ಉಳಿಯಿತು. ಕೊರತೆ ಎರಡೂಕಾಲರಿಂದ ಮುಕ್ಕಾಲಿಗೆ ಇಳಿಯಿತು. ಹಳೆಯ ಎರಡೇ ಬ್ಯಾಟರಿ ಎರಡು ದಿನ ದಾಟಿಸುತ್ತವೆ. ಈ ಲೆಕ್ಕ ಮಾಡದೆ ಬ್ಯಾಟರಿ ಅಂಗಡಿಗೆ ಹೋಗಬೇಡಿ ಎಂಬುದೇ ಈ ಹೊತ್ತಿನ ಕಳಕಳಿ.

ಖಾಲಿಯಾದ ಮೇಲೆ ಏನಾಗುತ್ತದೆ ಎಂಬುದು ಇನ್ನೂ ಮುಖ್ಯ. ಲೆಡ್-ಆಸಿಡ್ ಬ್ಯಾಟರಿ ವಾರಗಟ್ಟಲೆ ಅರೆಹೊಟ್ಟೆಯಲ್ಲಿದ್ದರೆ ತಟ್ಟೆಗಳ ಮೇಲೆ ಸೀಸದ ಸಲ್ಫೇಟ್ ಗಟ್ಟಿ ಹರಳಾಗುತ್ತದೆ. ಆಮೇಲೆ ಎಷ್ಟು ಚಾರ್ಜ್ ಮಾಡಿದರೂ ಅದು ಪೂರ್ತಿ ಕರಗುವುದಿಲ್ಲ. ಬ್ಯಾಟರಿ ಸಂಖ್ಯೆ ದುಪ್ಪಟ್ಟಾಗಿ ಪ್ಯಾನೆಲ್ ಅಷ್ಟೇ ಉಳಿದರೆ ನಾಲ್ಕೂ ಅರೆಹೊಟ್ಟೆಯಲ್ಲೇ ಉಳಿಯುತ್ತವೆ. ಟ್ಯೂಬುಲರಿಗೆ ಅದರ ಆಂಪಿಯರ್-ಅವರಿನ ಹತ್ತನೇ ಒಂದು ಭಾಗದಷ್ಟು ಚಾರ್ಜಿಂಗ್ ಕರೆಂಟು ಬೇಕು: 150ಕ್ಕೆ 15 ಆಂಪಿಯರ್, ಸೀರೀಸಿನ ಒಂದು ಜೋಡಿಗೆ ಒಂದು ಸಾಲು ಎನ್ನೋಣ, ಎರಡು ಸಾಲು ಸೇರಿ 300 ಆದರೆ 30. ನಿಮ್ಮ ಪ್ಯಾನೆಲ್ ಮಧ್ಯಾಹ್ನ ಒಂದೆರಡು ಗಂಟೆ ಅಷ್ಟು ಕೊಟ್ಟರೂ ಅದರಲ್ಲಿ ಮನೆಯ ಲೋಡಿಗೂ ಪಾಲಿದೆ. ಮತ್ತೆ ಅದೇ ಪ್ರಶ್ನೆ, ತುಂಬಿಸುವವರು ಯಾರು? ಮಳೆಗಾಲದಲ್ಲಿ ಉತ್ತರ ಕೆಇಬಿ ಲೈನೇ. ಇನ್ವರ್ಟರಿನ ಸೆಟ್ಟಿಂಗಿನಲ್ಲಿ ಸೋಲಾರ್ ಮೊದಲು ಎಂದಿದ್ದರೆ ಜೂನಿನಿಂದ ಸೆಪ್ಟೆಂಬರಿನವರೆಗೆ ಲೈನ್ ಮೊದಲು ಎಂದು ಬದಲಿಸಿ. ಕರೆಂಟು ಬಂದ ನಾಲ್ಕು ಗಂಟೆಯಲ್ಲಿ ಬ್ಯಾಟರಿಗೆ ಸಿಕ್ಕಷ್ಟು ಸಿಗಲಿ.

ಇಷ್ಟಾಗಿಯೂ ಬ್ಯಾಟರಿ ಬೇಕೇ ಬೇಕು ಎನ್ನುವವರಿಗೆ ಈಗ ಹಳೆಯದರ ಜೊತೆ ಹೊಸದು ಸೇರಿಸುವ ಮಾತು. 24 ವೋಲ್ಟಿಗೆ ಒಂಟಿ ಬ್ಯಾಟರಿ ಸೇರಿಸಲಾಗದು, ಜೋಡಿಯೇ ಬೇಕು. ಜೋಡಿಯಲ್ಲಿ ಒಂದು ಹಳತು ಒಂದು ಹೊಸತು ಖಂಡಿತ ಬೇಡ. ಸೀರೀಸಿನಲ್ಲಿ ಎರಡರಲ್ಲೂ ಹರಿಯುವ ಕರೆಂಟು ಒಂದೇ. ಸಾಮರ್ಥ್ಯ ಕುಗ್ಗಿದ ಹಳೆಯದು ಬೇಗ ತುಂಬಿ ಕುದಿಯುತ್ತದೆ, ಖಾಲಿಯಾಗುವಾಗಲೂ ಮೊದಲು ತಳ ಕಾಣುತ್ತದೆ. ಹೊಸದು ಅತ್ತ ಎಂದೂ ಪೂರ್ತಿ ತುಂಬುವುದಿಲ್ಲ. ಪ್ಯಾರಲಲ್ಲಿನಲ್ಲಿ, ಅಂದರೆ ಸಾಲಿನ ಪ್ಲಸ್ಸಿಗೆ ಪ್ಲಸ್, ಮೈನಸ್ಸಿಗೆ ಮೈನಸ್ ಜೋಡಿಸಿದರೆ, ಹಾನಿ ನಿಧಾನ, ಆದರೆ ತಪ್ಪಿದ್ದಲ್ಲ. ಹಳೆಯ ಸಾಲು ತಾನೇ ಸೋರಿಕೊಳ್ಳುತ್ತಾ ಹೊಸದನ್ನೂ ಎಳೆಯುತ್ತಿರುತ್ತದೆ.

ಹಳೆಯದು ಗಟ್ಟಿಯಿದೆಯೇ ಎಂದು ತಿಳಿಯಲು ಹೈಡ್ರೋಮೀಟರ್ ಬೇಕು, ಆಸಿಡ್ಡಿನ ಸಾಂದ್ರತೆ ಅಳೆಯುವ ಉಪಕರಣ. ಪೂರ್ತಿ ಚಾರ್ಜ್ ಮಾಡಿ, ಮೂರು ನಾಲ್ಕು ಗಂಟೆ ಸುಮ್ಮನೆ ಬಿಡಿ. ಆಗಷ್ಟೇ ಡಿಸ್ಟಿಲ್ಡ್ ವಾಟರ್ ಹಾಕಿದ್ದರೆ ಅಳೆಯಬೇಡಿ. ನೀರು ಮೇಲೇ ನಿಂತಿರುತ್ತದೆ, ಅಂಕಿ ಸುಳ್ಳು ಹೇಳುತ್ತದೆ. ಕೈಗವಸು, ಕನ್ನಡಕ ಹಾಕಿಕೊಂಡು ಮುಚ್ಚಳ ತೆಗೆದು ಒಂದೊಂದೇ ಸೆಲ್ಲಿನಿಂದ ಆಸಿಡ್ ಎಳೆದು, ಓದಿದ್ದನ್ನು ಬ್ಯಾಟರಿಯ ಮೈಮೇಲೆ ಸೀಮೆಸುಣ್ಣದಲ್ಲಿ ಬರೆಯಿರಿ. ಒಂದಕ್ಕೆ 6 ಸೆಲ್, ಎರಡು ಬ್ಯಾಟರಿಗೆ 12 ಅಂಕಿ. ಒಳ್ಳೆಯ ಟ್ಯೂಬುಲರಿನಲ್ಲಿ ಎಲ್ಲವೂ 1.240ರ ಆಸುಪಾಸು ಇರುತ್ತವೆ. ಹನ್ನೊಂದು 1.240 ಇದ್ದು ಒಂದು ಮಾತ್ರ 1.180 ಬಂದರೆ ಆ ಸೆಲ್ ಸೋತಿದೆ. ಅಂಥ ಬ್ಯಾಟರಿಯ ಪಕ್ಕ ಹೊಸದನ್ನು ಕೂರಿಸಬೇಡಿ. ಕೆಲವರು ಆಸಿಡ್ ಸುರಿದು ಅಂಕಿ ಏರಿಸುತ್ತಾರೆ. ಅಂಕಿ ಏರುತ್ತದೆ, ಬ್ಯಾಟರಿ ಸಾಯುತ್ತದೆ. ವರ್ಷದೊಳಗಿನದು, ಅದೇ ಕಂಪನಿ, ಅದೇ ಆಂಪಿಯರ್-ಅವರ್, ಸೆಲ್ಲುಗಳೆಲ್ಲ ಸಮ ಇದ್ದರೆ ಮಾತ್ರ ಎರಡನೇ ಸಾಲು ಸೇರಿಸಬಹುದು. ನಾಲ್ಕನೇ ಸಾಲಿನ ಮಾತು ಎತ್ತಲೇಬೇಡಿ.

ಸೇರಿಸುವಾಗ ಪ್ಲಸ್ ವೈರನ್ನು ಮೊದಲ ಸಾಲಿನಿಂದ, ಮೈನಸ್ಸನ್ನು ಕೊನೆಯ ಸಾಲಿನಿಂದ, ಅಡ್ಡಡ್ಡ ತೆಗೆಯಿರಿ. ಎರಡನ್ನೂ ಒಂದೇ ಕಡೆಯಿಂದ ತೆಗೆದರೆ ಹತ್ತಿರದ ಸಾಲು ಹೆಚ್ಚು ದುಡಿದು ಬೇಗ ಸವೆಯುತ್ತದೆ. 1,200 ವ್ಯಾಟ್ ಲೋಡಿಗೆ 24 ವೋಲ್ಟಿನಲ್ಲಿ ನಷ್ಟವೂ ಸೇರಿ ಸುಮಾರು 55 ಆಂಪಿಯರ್ ಹರಿಯುತ್ತದೆ. 25 ಚದರ ಮಿಲಿಮೀಟರಿನ ತಾಮ್ರದ ಕೇಬಲ್ ಹಾಕಿ. ಪ್ರತಿ ಸಾಲಿಗೂ ಬೇರೆ ಡಿಸಿ ಫ್ಯೂಸ್ ಇರಲಿ. ಮನೆಯ ಬೋರ್ಡಿನ ಎಸಿ ಎಂಸಿಬಿಯನ್ನು (ಕರೆಂಟು ಮಿತಿಮೀರಿದರೆ ತಾನೇ ಬೀಳುವ ಸ್ವಿಚ್) ತಂದು ಇಲ್ಲಿ ಹಾಕುವುದು ಅಪಾಯ. ಎಸಿ ಸೆಕೆಂಡಿಗೆ 100 ಸಲ ಸೊನ್ನೆ ಮುಟ್ಟುವುದರಿಂದ ಕಿಡಿ ಆರುತ್ತದೆ. ಡಿಸಿಯಲ್ಲಿ ಆ ಬಿಡುವಿಲ್ಲ, ಕಿಡಿ ಉರಿಯುತ್ತಲೇ ಇರುತ್ತದೆ. ಲಗ್ (ಕೇಬಲ್ಲಿನ ತುದಿಯ ಲೋಹದ ಬಳೆ) ಬಿಗಿಯಾಗಿದೆಯೇ ಎಂದು ಲೋಡ್ ಇರುವಾಗ ಮಲ್ಟಿಮೀಟರಿನ ಒಂದು ಮೊನೆ ಟರ್ಮಿನಲ್ಲಿಗೆ, ಇನ್ನೊಂದು ಲಗ್ಗಿಗೆ ಇಟ್ಟು ನೋಡಿ. 40 ಆಂಪಿಯರ್ ಹರಿಯುವಾಗ 200 ಮಿಲಿವೋಲ್ಟ್ ತೋರಿಸಿದರೆ ಆ ಒಂದು ಜಾಗದಲ್ಲಿ 8 ವ್ಯಾಟ್ ಶಾಖವಾಗುತ್ತಿದೆ ಎಂದರ್ಥ. ಬಿಚ್ಚಿ, ಉಜ್ಜಿ, ಮತ್ತೆ ಬಿಗಿಯಿರಿ.

ಸಮಯ ಆಯಿತೆಂದು ಚೀಟಿ ಬಂದಿದೆ. ಲಿಥಿಯಂ ಬಗ್ಗೆ ಹೇಳದೆ ಇಳಿದರೆ ನೀವು ಬಿಡುವುದಿಲ್ಲ, ಬೇಗ ಹೇಳುತ್ತೇನೆ. 25.6 ವೋಲ್ಟ್ 100 ಆಂಪಿಯರ್-ಅವರಿನ ಲಿಥಿಯಂ ಐರನ್ ಫಾಸ್ಫೇಟ್ ಪ್ಯಾಕ್ ಅಂದರೆ 2.56 ಯೂನಿಟ್, ಅದರಲ್ಲಿ 2ಕ್ಕೆ ಕಡಿಮೆಯಿಲ್ಲದೆ ಬಳಸಬಹುದು. ನಿಮ್ಮ ಎರಡು ಟ್ಯೂಬುಲರಿಗಿಂತ ಹೆಚ್ಚೇ ಆಯಿತು. ಅರೆಹೊಟ್ಟೆಯಲ್ಲಿದ್ದರೂ ಇದಕ್ಕೆ ಹಾನಿಯಿಲ್ಲ, ಮಲೆನಾಡಿನ ಮಳೆಗಾಲಕ್ಕೆ ಇದರ ದೊಡ್ಡ ಗುಣ ಅದೇ. ಆದರೆ ಟ್ಯೂಬುಲರಿನ ಜೊತೆ ಪ್ಯಾರಲಲ್ ಮಾಡಬೇಡಿ, ಎರಡರ ವೋಲ್ಟೇಜಿನ ನಡೆಯೇ ಬೇರೆ. ಇನ್ವರ್ಟರಿನಲ್ಲಿ ಲಿಥಿಯಂ ಆಯ್ಕೆ ಅಥವಾ ವೋಲ್ಟೇಜ್ ಬದಲಿಸುವ ಅವಕಾಶ ಇದೆಯೇ ನೋಡಿ. ಚಾರ್ಜಿಂಗ್ 28.4 ವೋಲ್ಟಿನ ಸುತ್ತ, ಫ್ಲೋಟ್ (ತುಂಬಿದ ಮೇಲೆ ಹಿಡಿದಿಡುವ ವೋಲ್ಟೇಜ್) 27ರ ಸುತ್ತ, ಈಕ್ವಲೈಜ಼್ (ಆಗಾಗ ಹೆಚ್ಚು ವೋಲ್ಟೇಜ್ ಕೊಟ್ಟು ಸೆಲ್ಲುಗಳನ್ನು ಸಮ ಮಾಡುವುದು) ಪೂರ್ತಿ ಬಂದ್. ಪ್ಯಾಕಿನ ಜೊತೆ ಬಂದ ಹಾಳೆಯಲ್ಲಿ ಬೇರೆ ಅಂಕಿಯಿದ್ದರೆ ಅದೇ ಸರಿ. ಎರಡನೇ ಪ್ಯಾಕ್ ಸೇರಿಸುವಾಗ ಎರಡನ್ನೂ ಬೇರೆ ಬೇರೆಯಾಗಿ ಪೂರ್ತಿ ತುಂಬಿ, ವೋಲ್ಟೇಜ್ ಅಂತರ 0.1ರೊಳಗೆ ಬಂದ ಮೇಲೆ ಜೋಡಿಸಿ. ಒಳಗಿನ ತಡೆ ಬಹಳ ಕಡಿಮೆ, ಅಂತರವಿದ್ದರೆ ಒಂದರಿಂದ ಇನ್ನೊಂದಕ್ಕೆ ಕರೆಂಟು ನುಗ್ಗಿ, ಪ್ಯಾಕಿನೊಳಗೆ ಕಾವಲಿರುವ ಬಿಎಂಎಸ್ ಸರ್ಕ್ಯೂಟ್ ಕಟ್ ಆಗುತ್ತದೆ.

ಕೇಂದ್ರ ಸರ್ಕಾರದ ಸೂರ್ಯ ಘರ್ ಯೋಜನೆಯಲ್ಲಿ ಮಾಡಿನ ಮೇಲೆ ಸೋಲಾರ್ ಹಾಕಿಸಿದವರಿಗೆ ಒಂದು ಮಾತು. ₹78,000ದವರೆಗಿನ ಆ ಸಹಾಯಧನದ ಲೆಕ್ಕ ಪ್ಯಾನೆಲ್ಲಿನ ಕಿಲೋವ್ಯಾಟಿನ ಮೇಲೆ, ಬ್ಯಾಟರಿಗಲ್ಲ. ಬ್ಯಾಟರಿಯಿಲ್ಲದ ಗ್ರಿಡ್ ಇನ್ವರ್ಟರ್, ಲೈನ್ ಹೋದ ಕೂಡಲೇ ತಾನೂ ನಿಲ್ಲುತ್ತದೆ, ಕಂಬದ ಮೇಲಿರುವ ಲೈನ್‌ಮನ್ ಜೀವಕ್ಕಾಗಿ. ಬ್ಯಾಟರಿ ಬೇಕಾದರೆ ಲೈನ್, ಬ್ಯಾಟರಿ ಎರಡರ ಜೊತೆಗೂ ನಡೆಯುವ ಹೈಬ್ರಿಡ್ ಇನ್ವರ್ಟರ್ ಬೇಕು.

ಕೊನೆಯದಾಗಿ, ಕೆಲಸದ ದಿನ ಮೊದಲು ಪ್ಯಾನೆಲ್ ಕಡೆಯ ಸ್ವಿಚ್ ತೆಗೆಯಿರಿ, ಆಮೇಲೆ ಲೈನ್ ಮತ್ತು ಲೋಡ್, ಆಮೇಲೆ ಬ್ಯಾಟರಿಯ ಮೈನಸ್, ಕಡೆಗೆ ಪ್ಲಸ್. ಜೋಡಿಸುವಾಗ ಬ್ಯಾಟರಿ ಮೊದಲು, ಪ್ಯಾನೆಲ್ ಎಲ್ಲಕ್ಕಿಂತ ಕೊನೆಗೆ. ಸ್ಪ್ಯಾನರಿನ ಹಿಡಿಗೆ ಇನ್ಸುಲೇಶನ್ ಟೇಪ್ ಸುತ್ತಿ, ಉಂಗುರ, ಬಳೆ ತೆಗೆದಿಡಿ, ಟ್ಯೂಬುಲರ್ ಇರುವ ಕೋಣೆಯ ಕಿಟಕಿ ತೆರೆದಿರಲಿ. ಕರೆಂಟ್ ಬಿಲ್ಲು, ಇನ್ವರ್ಟರಿನ ಫೋಟೋ ತಂದವರು ಮುಂದೆ ಬನ್ನಿ, ಲೆಕ್ಕ ಇಲ್ಲೇ ಹಾಕೋಣ.