ಚಿನ್ನಸ್ವಾಮಿಗೆ ಎರಡು ಸಲ ಬಂದ ಪಂಡಿತ್

ಎಲ್ಲರಿಗೂ ನಮಸ್ಕಾರ. ವಿಕೆಟ್ ಕೀಪರ್ ಬಗ್ಗೆ ಮಾತು ಅಂದ ಕೂಡಲೇ ಕಿರ್ಮಾನಿಯವರ ಕಥೆ ಬರುತ್ತದೆ ಅಂದುಕೊಂಡಿರುತ್ತೀರಿ. ಇವತ್ತು ಅವರಲ್ಲ. ನಮ್ಮ ಕರ್ನಾಟಕದವರು ಒಮ್ಮೆ ಬರಿಗೈಯಲ್ಲಿ ವಾಪಸ್ ಕಳಿಸಿದ ಒಬ್ಬರ ಬಗ್ಗೆ ಮಾತಾಡುತ್ತೇನೆ. ಚಂದ್ರಕಾಂತ್ ಪಂಡಿತ್.

ಹುಟ್ಟಿದ್ದು 1961ರಲ್ಲಿ, ಮುಂಬೈಯಲ್ಲಿ. ಶಿವಾಜಿ ಪಾರ್ಕಿನಲ್ಲಿ ರಮಾಕಾಂತ್ ಆಚರೇಕರ್ ಅವರ ಶಿಷ್ಯ. ಬ್ಯಾಟಿಂಗ್ ಎಷ್ಟು ಚೆನ್ನಾಗಿತ್ತು ಅಂದರೆ, 1986ರಲ್ಲಿ ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಮೊದಲ ಟೆಸ್ಟ್ ಆಡಿದ್ದು ಬರೀ ಬ್ಯಾಟ್ಸ್‌ಮನ್ ಆಗಿ. ಗ್ಲೌಸ್ ಕಿರಣ್ ಮೋರೆ ಕೈಯಲ್ಲಿತ್ತು. 1987ರ ವಿಶ್ವಕಪ್ ಸೆಮಿಫೈನಲ್‌ನಲ್ಲೂ ಹಾಗೇ. ಮೋರೆ ಸ್ಟಂಪ್ ಹಿಂದೆ, ಪಂಡಿತ್ ಫೀಲ್ಡಿನಲ್ಲಿ.

ಇದು ಕೀಪರ್‌ಗಳ ಹಣೆಬರಹ ನೋಡಿ. ಬೌಲರ್ ಆದರೆ ತಂಡದಲ್ಲಿ ನಾಲ್ಕೈದು ಜಾಗ ಇರುತ್ತೆ. ಕೀಪರ್‌ಗೆ ಒಂದೇ ಒಂದು. ಅದರಲ್ಲಿ ಒಬ್ಬರು ಕೂತರೆ ಉಳಿದವರು ವರ್ಷಗಟ್ಟಲೆ ಕಾಯಬೇಕು. ಪಂಡಿತ್‌ಗೆ ಸಿಕ್ಕಿದ್ದು 5 ಟೆಸ್ಟ್, 36 ಏಕದಿನ ಪಂದ್ಯ, ಅಷ್ಟೇ. ಆದರೆ ಪ್ರಥಮ ದರ್ಜೆಯಲ್ಲಿ 138 ಪಂದ್ಯ, 8,209 ರನ್, 22 ಶತಕ, ಸರಾಸರಿ 48ಕ್ಕಿಂತ ಜಾಸ್ತಿ. ದಿನವಿಡೀ ಕುಕ್ಕರಗಾಲಲ್ಲಿ ಕೂತು ಎದ್ದು ಮಾಡುವವರ ಸರಾಸರಿ ಇದು. ಮನೆಯಲ್ಲಿ ಒಂದೇ ಒಂದು ಗಂಟೆ ಹಾಗೆ ಕೂತು ಎದ್ದು ನೋಡಿ, ಆಗ ಈ ಸಂಖ್ಯೆಯ ತೂಕ ಮೊಣಕಾಲಿಗೇ ಗೊತ್ತಾಗುತ್ತದೆ.

ಆಮೇಲೆ ಅವರು ಮಧ್ಯಪ್ರದೇಶಕ್ಕೆ ಹೋದರು. ಅಲ್ಲಿ ಹಿಂದೆ ಹೋಳ್ಕರ್ ತಂಡ ರಣಜಿಯನ್ನು, ಅಂದರೆ ದೇಶದೊಳಗಿನ ತಂಡಗಳ ದೊಡ್ಡ ಟೂರ್ನಿಯನ್ನು, 4 ಸಲ ಗೆದ್ದಿತ್ತು. ಮಧ್ಯಪ್ರದೇಶ ಅನ್ನುವ ಹೆಸರಲ್ಲಿ ಮಾತ್ರ ಒಂದೂ ಇಲ್ಲ. 1998-99ರಲ್ಲಿ ಫೈನಲ್ ತಲುಪಿದರು. ನಾಯಕ ಪಂಡಿತ್. ಎದುರಾಳಿ ಕರ್ನಾಟಕ, ಮೈದಾನ ನಮ್ಮ ಚಿನ್ನಸ್ವಾಮಿ.

ಕರ್ನಾಟಕ ಮೊದಲು 304 ಹೊಡೆಯಿತು, ಅವರು 379. ಅಂದರೆ 75 ರನ್ ಮುಂದೆ. ರಣಜಿ ಫೈನಲ್ ಡ್ರಾ ಆದರೆ ಮೊದಲ ಇನ್ನಿಂಗ್ಸ್‌ನಲ್ಲಿ ಮುಂದಿದ್ದವರದ್ದೇ ಕಪ್. ಕೊನೆಯ ಇನ್ನಿಂಗ್ಸ್‌ನಲ್ಲಿ ಗೆಲ್ಲಲು ಅವರಿಗೆ 247 ಬೇಕಿತ್ತು ನಿಜ, ಆದರೆ ಹೊಡೆಯದೆ ಸುಮ್ನೆ ತಡೆದು ನಿಂತಿದ್ದರೂ ಸಾಕಿತ್ತು. ನಮ್ಮ ವಿಜಯ್ ಭಾರದ್ವಾಜ್ ಬಿಡಲಿಲ್ಲ. 24 ರನ್ನಿಗೆ 6 ವಿಕೆಟ್! ಅವರ ಆಫ್ ಸ್ಪಿನ್ ಇಷ್ಟು ಕೆಲಸ ಮಾಡುತ್ತದೆ ಅಂತ ಯಾರು ಅಂದುಕೊಂಡಿದ್ದರು? ಮಧ್ಯಪ್ರದೇಶ 150ಕ್ಕೆ ಆಲೌಟ್. ನಾವು ಕುಣಿದೆವು. ಪೆವಿಲಿಯನ್ ಕಡೆ ನಡೆದು ಹೋದ ಎದುರಾಳಿ ನಾಯಕನನ್ನು ಯಾರು ನೋಡುತ್ತಾರೆ, ಅಲ್ವಾ?

ಪಂಡಿತ್ ಕೋಚ್ ಆದರು. ಮುಂಬೈಗೆ 3 ರಣಜಿ, ವಿದರ್ಭಕ್ಕೆ ಸತತ 2. ವಿದರ್ಭ ಮೊದಲ ಸಲ ಗೆದ್ದ ವರ್ಷದ ಸೆಮಿಫೈನಲ್ ನಮಗೆ ಇವತ್ತಿಗೂ ನೋವು. ಈಡನ್ ಗಾರ್ಡನ್ಸ್‌ನಲ್ಲಿ 198 ಬೇಕಿತ್ತು, ಕರ್ನಾಟಕ 192ಕ್ಕೆ ಮುಗಿಯಿತು. 5 ರನ್! ಪಂಡಿತ್ ಅವರ ಶಿಸ್ತು ಬಹಳ ಬಿಗಿ. ಆಟಗಾರರಿಗೆ ಅದು ಇಷ್ಟ ಆಗುವುದಿಲ್ಲ ಅಂತ ಕೇಳಿದ್ದೇವೆ. ನನಗೆ ಅದು ಕೀಪರ್‌ನ ಬುದ್ಧಿಯೇ ಅನ್ನಿಸುತ್ತದೆ. ಫೀಲ್ಡಿನಲ್ಲಿ ಹತ್ತು ಜನರ ಮುಖ ಎದುರಿಗೇ ಕಾಣುವುದು ಅವನೊಬ್ಬನಿಗೆ. ಯಾರು ಮೈ ಮರೆತರೂ ಮೊದಲು ಗೊತ್ತಾಗುವುದೂ ಅವನಿಗೇ.

2020ರಲ್ಲಿ ಮತ್ತೆ ಮಧ್ಯಪ್ರದೇಶ, ಈಗ ಕೋಚ್ ಆಗಿ. ಆ ತಂಡದ ಹಳೆಯ ಕೀಪರ್ ನಮನ್ ಓಝಾ ರಣಜಿಯಲ್ಲಿ ಕ್ಯಾಚ್, ಸ್ಟಂಪಿಂಗ್ ಸೇರಿ 351 ಬಲಿ ಪಡೆದ ದಾಖಲೆಯವರು. ಭಾರತಕ್ಕೆ ಆಡಿದ್ದು ಒಂದೇ ಟೆಸ್ಟ್. ಅವರು 2021ರ ಫೆಬ್ರವರಿಯಲ್ಲಿ ಆಟ ನಿಲ್ಲಿಸಿದರು. ಮರುವರ್ಷ ಜೂನ್‌ನಲ್ಲಿ ಫೈನಲ್. ಮೈದಾನ ಮತ್ತೆ ಚಿನ್ನಸ್ವಾಮಿ, ಎದುರಾಳಿ ಪಂಡಿತ್ ಅವರ ತವರು ಮುಂಬೈ.

ಮುಂಬೈ 374. ಮಧ್ಯಪ್ರದೇಶ 536. ಯಶ್ ದುಬೆ, ಶುಭಂ ಶರ್ಮಾ, ಆಮೇಲೆ ನಮ್ಮ ಆರ್‌ಸಿಬಿಯ ರಜತ್ ಪಾಟೀದಾರ್, ಮೂವರದ್ದೂ ಶತಕ. ಜೂನ್ 26ರಂದು 6 ವಿಕೆಟ್ ಗೆಲುವು. ಇದೇ ಮೈದಾನದ ಆ ಸೋಲಿಗೆ 23 ವರ್ಷ ಆಗಿತ್ತು. ಪಂಡಿತ್ ಅತ್ತರು, ಹುಡುಗರು ಅವರನ್ನು ಹೆಗಲ ಮೇಲೆ ಎತ್ತಿಕೊಂಡರು.

ಆ ತಂಡದ ಕೀಪರ್ ಯಾರು ಗೊತ್ತಾ? ಹಿಮಾಂಶು ಮಂತ್ರಿ. ಇನ್ನಿಂಗ್ಸ್ ಶುರು ಮಾಡುತ್ತಿದ್ದವರೂ ಅವರೇ. ಸೆಮಿಫೈನಲ್‌ನಲ್ಲಿ, ಇಲ್ಲೇ ಬೆಂಗಳೂರಿನ ಪಕ್ಕದ ಆಲೂರಿನಲ್ಲಿ, ಬಂಗಾಳದ ಎದುರು 165 ಹೊಡೆದು, ಪ್ಯಾಡ್ ಬದಲಿಸಿ ಮತ್ತೆ ಸ್ಟಂಪ್ ಹಿಂದೆ ಹೋಗಿ ಕೂತರು.